ಸೈಲೆನ್ಸರಿಗಿ ಕೌದಿ ಹೊಚ್ಚಬೇಕೇನು?

ಹೋದ ಸಲ ಹಳಿ ಸೀರಿ ಕೂಡಿಸಿ ಕೌದಿ ಹೊಲಿಯೋದು ಬರದಿದ್ದೆ. ಈ ಸಲನೂ ಕೌದಿ ಸುದ್ದಿನೇ ಅದ. ಆದ್ರ ಇದು ಮನಷಾರ ಕೌದಿ ಅಲ್ಲ, ಗಾಡಿ ಕೌದಿ. ಗಾಡಿ ಸುದ್ದಿ ನಮಗ್ಯಾಕ, ಅದು ಗಂಡಸರ ಕೆಲಸ ಅಂತ ಮುಂದ ಹೋಗಬ್ಯಾಡ್ರಿ. ಆ ಗಾಡ್ಯಾಗ ಕೂಡೋರು ನಾವು, ನಮ್ಮ ಅತ್ತಿ-ಮಾವ, ನಮ್ಮ ಮಕ್ಕಳು. ನಾನೂ ಹಂಗೇ ತಿಳಕೊಂಡು ಸುಮ್ನಿದ್ದೆ. ಅದಕ್ಕೇ ನಮ್ಮ ಅತ್ತಿ ಕಾಲು ಸುಟ್ಟಿತು.

ನಮ್ಮದು ಹಳಿ ಓಮ್ನಿ. ನಿಮಗೆಲ್ಲ ಗೊತ್ತದ, ನಮ್ಮ ಕಡಿ ಅರ್ಧ ಊರು ಅದರಾಗೇ ಜಾತ್ರಿಗಿ, ಲಗ್ನಕ್ಕ, ದವಾಖಾನಿಗಿ ಹೋಗಿ ಬಂದದ. 1984ರಾಗ ಮಾರುತಿ ವ್ಯಾನ್ ಅಂತ ಬಂತು, ಮುಂದ ಓಮ್ನಿ ಅಂತ ಹೆಸರಾಯ್ತು, 2019ಕ್ಕ ಮಾಡೋದು ನಿಲ್ಲಿಸಿದ್ರು. ಮೂರು ಸಿಲಿಂಡರಿನ 796 ಸಿಸಿ ಸಣ್ಣ ಇಂಜಿನ್ನು. ಅದು ಮುಂದ ಬಾನೆಟ್ಟಿನ್ಯಾಗ ಇರಂಗಿಲ್ಲ, ಡ್ರೈವರ್ ಕೂಡೋ ಸೀಟಿನ ಕೆಳಗೇ ಇರ್ತದ. ಅಲ್ಲಿಂದ ಹೊಗಿ ಪೈಪು ನಡುವಿನ ಸೀಟಿನವರ ಕಾಲ ಕೆಳಗ ಹಾದು ಹಿಂದ ಹೋಗ್ತದ. ಅಂದ್ರ ಒಲಿ ಮುಂದ, ಹೊಗಿ ಗೂಡು ಹಿಂದ, ನಡುವ ನಾವು. ಮನಿ ಒಲಿ ಹಂಗ ಇದ್ರ ನಡುವ ಯಾರನ್ನರೆ ಕೂಡಸ್ತಿದ್ದೇವೇನು? ಅದಕ್ಕೇ ಕಂಪನಿಯವರು ಪೈಪಿಗೂ ನೆಲಕ್ಕೂ ನಡುವ ಒಂದು ತಗಡು ಅಡ್ಡ ಕೊಟ್ಟಿರ್ತಾರ. ಆ ತಗಡಿನ ಕಥಿ ಕಡಿಗಿ ಹೇಳ್ತೀನಿ. ಈಗ ಹೇಳ್ಲಕ ಬಾಯಿ ಬರವಲ್ದು.

ಮೊದಲ ಕಥಿ ಸಂಕ್ರಾಂತಿದು. ಮೈಲಾಪುರ ಮಲ್ಲಯ್ಯನ ಜಾತ್ರಿಗಿ ಹೊಂಟಿದ್ದೆವು. ಬುತ್ತಿ ಕಟ್ಟಿದ್ದೆ, ಸಜ್ಜಿ ರೊಟ್ಟಿ, ಭರ್ತ ಬದನಿಕಾಯಿ, ಶೇಂಗಾ ಹಿಂಡಿ. ಸಂಕ್ರಾಂತಿ ಅಂದ್ರ ನಮ್ಮ ಕಡಿ ರಾಶಿ ಕಾಲ. ಕಣ ಮಾಡೋರು ಕಮ್ಮಿ ಆಗ್ಯಾರ, ಡಾಂಬರ್ ರಸ್ತೇನೇ ಕಣ ಆಗ್ಯಾದ. ಹುಳ್ಳಿ, ತೊಗರಿ, ಸಜ್ಜಿ, ಏನು ಬಂದ್ರೂ ರಸ್ತೆ ಮ್ಯಾಲ ಹರವಿ ಬಿಡ್ತಾರ, ಹೋಗೋ ಬರೋ ಗಾಡಿ ಗಾಲಿಯೇ ಹಂತಿ ಎತ್ತು. ಅವರ ತ್ರಾಸೂ ನಮಗ ಗೊತ್ತದ, ಆಳು ಸಿಗಂಗಿಲ್ಲ, ಮಿಷನ್ ಬಾಡಿಗಿ ಕೊಡ್ಲಕ ಆಗಂಗಿಲ್ಲ. ಆದ್ರ ಹುಳ್ಳಿ ಬಳ್ಳಿ ಮಾತ್ರ ಭಾಳ ಕೆಟ್ಟದ್ರಿ. ತೊಗರಿ ಕಟಿಗಿ ಮುರದು ಹೋಗ್ತದ, ಹುಳ್ಳಿ ಬಳ್ಳಿ ಸುತ್ಕೋತದ.

ಓಮ್ನಿದು ಹಿಂದಿನ ಗಾಲಿ ತಿರಗ್ತಾವ, ಅದಕ್ಕ ಇಂಜಿನ್ನಿನಿಂದ ಹಿಂದಕ್ಕ ಒಂದು ಉದ್ದ ಸಳಿ ತಿರುಗಕೋತ ಹೋಗ್ತದ. ಆ ಸಳಿಗಿ ಬಳ್ಳಿ ಹಗ್ಗ ಹೊಸದಂಗ ಸುತ್ತಿತು. ಬಾಜೂಕೇ ಸೈಲೆನ್ಸರ್ ಪೈಪು. ಐದು ನಿಮಿಷದಾಗ ಗಾಡಿ ಒಳಗ ಹುಲ್ಲು ಸುಟ್ಟ ವಾಸನಿ. ನಾನು, "ಯಾರೋ ಹೊಲದಾಗ ಕಸ ಸುಡ್ಲಕತ್ತಾರ" ಅಂದೆ. ಅತ್ತಿ, "ಹೊಲದ ಹೊಗಿ ನಮ್ಮ ಸಂಗಡನೇ ಓಡಿ ಬರ್ತದೇನು, ನಿಂದ್ರಸ್ರಿ ಗಾಡಿ" ಅಂದ್ರು. ಇಳದು ನೋಡಿದ್ರ ಕೆಳಗಿಂದ ಹೊಗಿ ಏಳ್ಲಕತ್ತಿತ್ತು. ಮಕ್ಕಳನ್ನ ಎಳದು ದೂರ ನಿಲ್ಲಿಸಿ, ಕುಡಿಯೋ ನೀರಿನ ಕ್ಯಾನು ಪೂರಾ ಸುರದು, ಕಟಿಗಿ ತಗೊಂಡು ಬಳ್ಳಿ ಎಳದು ತಗದ್ವಿ. ಇನ್ನೊಂದು ಜರಾ ಹೊತ್ತಾಗಿದ್ರ ನಾನಿದು ಬರೀಲಕ ಇರ್ತಿದ್ದಿಲ್ಲ. ಹಿಂಗ ರಾಶಿ ಮ್ಯಾಲ ಹೋಗಿ ಗಾಡಿ ಪೂರಾ ಸುಟ್ಟ ಸುದ್ದಿ ನಮ್ಮ ರಾಜ್ಯದಾಗ ಎಷ್ಟೋ ಸಲ ಪೇಪರಿನ್ಯಾಗ ಬಂದಾವ. ಪೇಪರಿನ್ಯಾಗ ಓದೋದು ಬ್ಯಾರೆ, ಅತ್ತಿ ಕೈ ಹಿಡದು ಹೊಲದ ಬದುವಿನ್ಯಾಗ ನಿಂತು ನೋಡೋದು ಬ್ಯಾರೆ.

ಎರಡನೇ ಕಥಿ ಮೇ ತಿಂಗಳದ್ದು. ಶಿವರಾತ್ರಿಗಿ ಚಳಿ ಶಿವಶಿವಾ ಅಂತ ಹೋಗ್ತದ ಅಂತೀವಿ, ನಮ್ಮ ಶಹಾಪುರದಾಗ ಹೋದ ಮ್ಯಾಲ ತಿರುಗಿ ನೋಡಂಗಿಲ್ಲ. ಮೇ ಬಂತಂದ್ರ 42, 43 ಡಿಗ್ರಿ. ಹಗಲೆಲ್ಲ ಕಾದ ಗುಡ್ಡದ ಕಲ್ಲು ರಾತ್ರಿಪೂರ ಉಗುಳ್ತಾವ. ಅಂಥಾದ್ರಾಗ ಬೀಗರ ಲಗ್ನಕ್ಕ ಜೇವರ್ಗಿ ದಾರಿ ಹಿಡದು ಕಲಬುರ್ಗಿಗಿ ಹೋದ್ವಿ. ಅತ್ತಿ ನಡುವಿನ ಸೀಟಿನ್ಯಾಗ ಕುಂತಿದ್ರು. ಕುಂತ ಕೂಡ್ಲೇ ಚಪ್ಪಲ್ ಬಿಡೋದು ಅವರ ರೂಢಿ, ಗಾಡಿನೂ ಮನಿಯೇ ಅಂತ. ಸವದು ತೆಳ್ಳಗಾದ ಮ್ಯಾಟಿನ ಮ್ಯಾಲ ಬರಿಗಾಲು ಇಟ್ಟು ಎರಡು ತಾಸು ಕುಂತ್ರು. ಒಂದು ಸಲನೂ "ಬಿಸಿ ಅದ" ಅನ್ನಲಿಲ್ಲ. ಮರುದಿನ ನನ್ನ ಮಗಳು ಅಜ್ಜಿ ಕಾಲು ತೊಳಿಲಕ ಹೋಗಿ ಚೀರಿದಳು. ಎಡಗಾಲ ಹಿಂಬಡದಾಗ ನಿಂಬಿಕಾಯಿ ಗಾತ್ರ ಬೊಬ್ಬಿ ಎದ್ದಿತ್ತು. ಅತ್ತಿ ಅಂತಾರ, "ಎಲ್ಲಿ? ನನಗೇನು ಆಗೇ ಇಲ್ಲಲ್ಲ."

ಅದೇ ಅಂಜಿಕಿ ಮಾತು. ಅವರಿಗಿ ಹದಿನೈದು ವರ್ಷದ ಸಕ್ರಿ ಬ್ಯಾನಿ. ಡಾಕ್ಟರು ಹೇಳಿದ್ರು, ಸಕ್ರಿ ಬಹಳ ವರ್ಷ ಇದ್ರ ಪಾದದ ನರ ಸತ್ತಂಗ ಆಗ್ತಾವ, ಬಿಸಿ, ಮುಳ್ಳು, ಗಾಜು, ಏನೂ ತಿಳಿಯಂಗಿಲ್ಲ. ನಮಗ ನಿಮಗಾದ್ರ ಬಿಸಿ ತಾಕಿದ ಕೂಡ್ಲೇ ಕಾಲು ತಾನೇ ಹಿಂದ ಸರೀತದ, ಅವರ ಕಾಲು ಸರಿಯಂಗಿಲ್ಲ. ಸುಡ್ಲಕ ಕೆಂಡನೇ ಬೇಕಂತಿಲ್ಲ, 45 ಡಿಗ್ರಿ ಇದ್ರೂ ತಾಸುಗಟ್ಲೆ ಅಲ್ಲೇ ಇಟ್ರ ಚರ್ಮ ಸುಡ್ತದ. ಆ ಗಾಯ ಆರ್ಲಕ ಒಂದೂವರೆ ತಿಂಗಳು ಹಿಡೀತು. ದಿನಾ ಡ್ರೆಸ್ಸಿಂಗು, ದಿನಾ ಸಕ್ರಿ ನೋಡೋದು. ಓಣ್ಯಾಗ ಸಕ್ರಿ ಬ್ಯಾನಿಯಿಂದ ಬೆರಳು ತಗಸ್ಕೊಂಡವರು ಎಷ್ಟು ಮಂದಿ ಇದ್ದಾರಂತ ನಿಮಗೂ ಗೊತ್ತದ. ರಾತ್ರಿ ನಾ ಎದ್ದು ಎದ್ದು ಅವರ ಹೆಬ್ಬಟ್ಟು ಕಪ್ಪಾಗ್ಯಾದೇನು ಅಂತ ಮೊಬೈಲ್ ಬೆಳಕಿನ್ಯಾಗ ನೋಡ್ತಿದ್ದೆ.

ನನ್ನ ಮಗ ಪಾಲಿಟೆಕ್ನಿಕ್ ಓದ್ಲಕತ್ತಾನ. ಅಜ್ಜಿ ಅಂದ್ರ ಜೀವ. ಅವ ಮೂರು ದಿನ ಮೊಬೈಲ್ ನೋಡಿ ಒಂದು ಉಪಾಯ ತಂದ. "ಅವ್ವಾ, ಸೈಲೆನ್ಸರ್ ಪೈಪಿಗಿ ಸುತ್ತೋ ಪಟ್ಟಿ ಬರ್ತದ. ರೇಸ್ ಗಾಡಿಗೆಲ್ಲ ಸುತ್ತಾರ. ಬಿಸಿ ಹೊರಗ ಬರಂಗಿಲ್ಲ. ಅಜ್ಜಿ ಕಾಲೂ ಸುಡಂಗಿಲ್ಲ, ಹುಳ್ಳಿ ಬಳ್ಳಿನೂ ಹತ್ತಂಗಿಲ್ಲ." ಎರಡು ಬೆರಳಗಿಂತ ಅಗಲ, ಹತ್ತು ಮೀಟರ್ ಉದ್ದದ ಸುರುಳಿ ತರಿಸೇ ಬಿಟ್ಟ. ಸಾವಿರದ ಮ್ಯಾಲ ರೊಕ್ಕ ಆಗಿತ್ತು. ನೋಡ್ಲಕ ದವಾಖಾನಿ ಬ್ಯಾಂಡೇಜಿನಂಗ ಇತ್ತು, ಮುಟ್ಟಿದ್ರ ಬೆರಳಿಗಿ ನಸಗುನ್ನಿ ಬಡದಂಗ ತುರಿಕಿ. ಅದು ಗಾಜಿನ ನೂಲಿನಿಂದ ನೇಯ್ದದ್ದಂತ. ಕಲ್ಲು ಕರಗಿಸಿ ತಗದ ನೂಲಿನದೂ ಬರ್ತದ, ಅದು ಇನ್ನೂ ಬಿಸಿ ತಡೀತದ. ಹಿಂದಕ ಇಂಥಾ ಕೆಲಸಕ್ಕ ಆಸ್ಬೆಸ್ಟಾಸ್ ಹಗ್ಗ ಸುತ್ತಿದ್ರು, ಅದರ ಧೂಳು ಎದಿಗಿ ಹೋದ್ರ ಕ್ಯಾನ್ಸರ್ ಬರ್ತದಂತ ಗೊತ್ತಾದ ಮ್ಯಾಲ ಇವು ಬಂದಾವ.

ನನಗೂ ಖರೆ ಅನಿಸ್ತು. ಚಳಿಗಿ ನಾವು ಕೌದಿ ಹೊಚ್ಕೋತೀವಿ, ಒಳಗಿನ ಬಿಸಿ ಹೊರಗ ಹೋಗಂಗಿಲ್ಲ. ಬಿಸಿ ರೊಟ್ಟಿ ಅರಿಬ್ಯಾಗ ಸುತ್ತಿ ಬುಟ್ಟ್ಯಾಗ ಇಟ್ರ ಮಧ್ಯಾಹ್ನತನಕ ಬಿಸಿ ಇರ್ತಾವ. ಹಂಗ ಪೈಪಿಗೂ ಸುತ್ತಿದ್ರ ತೆಪ್ಪೇನು? ಮಗಗ, "ಸುತ್ತು, ಆದ್ರ ಮೊದಲು ಮಿಸ್ತ್ರಿ ಚಾಚಾನ ಕೇಳಿ ಸುತ್ತು" ಅಂದೆ. ಹೊಸಾ ಔಷಧ ತಂದ್ರೂ ಮನಿ ಡಾಕ್ಟರನ್ನ ಒಂದು ಮಾತು ಕೇಳ್ತೀವಲ್ಲ, ಹಂಗ.

ನಾನೂ ಸಂಗಡ ಹೋದೆ. ಹೆಣ್ಮಕ್ಕಳು ಗ್ಯಾರೇಜಿಗಿ ಹೋಗಬಾರದು ಅಂತ ಎಲ್ಲೂ ಬರದಿಲ್ಲ. ಚಾಚಾ ಸ್ಟೂಲ್ ಹಾಕಿ ಕೂಡಿಸಿದ, ಚಾ ತರಿಸಿದ, ಸುರುಳಿ ಕೈಯಾಗ ಹಿಡದು ತಿರುವಿ ನೋಡಿ ನನ್ನನ್ನೇ ಕೇಳಿದ.

"ನೋಡವ್ವ, ಬುಟ್ಟ್ಯಾಗ ರೊಟ್ಟಿ ಸುತ್ತಿಟ್ಟಿ. ಹೊರಗಿನ ಅರಿಬಿ ತಣ್ಣಗ ಇರ್ತದ. ಒಳಗಿನ ರೊಟ್ಟಿ?"

"ಬಿಸಿ."

"ಬಿಸಿ ಎಲ್ಲಿ ಹೋಯ್ತು?"

"ಎಲ್ಲೂ ಹೋಗಿಲ್ಲ, ಒಳಗೇ ಅದ."

"ಅಷ್ಟೇ. ಈ ಪಟ್ಟಿ ಬಿಸಿ ಕೊಲ್ಲಂಗಿಲ್ಲ, ಒಳಗ ಕೂಡಿ ಹಾಕ್ತದ."

ಆಮ್ಯಾಲ ಒಂದೊಂದೇ ಬಿಡಿಸಿ ಹೇಳಿದ. ನನಗ ತಿಳದಷ್ಟು ಬರೀತೀನಿ.

ಇಂಜಿನ್ನಿನಿಂದ ಹೊಗಿ ಹೊರಗ ಬರೋ ಬಾಯಿ ಹತ್ರ ಜೋರು ಓಡಿಸಿದಾಗ 600, 700 ಡಿಗ್ರಿತನಕ ಬಿಸಿ ಇರ್ತದ. ಹಿಂದ ಹೋದಂಗ ಇಳೀತದ, ಕಡಿ ಬಾಯಿಗಿ ಬರೋದರಾಗ ನೂರು, ಇನ್ನೂರು. ಹೆಂಗ ಇಳೀತದ? ಪೈಪಿಗಿ ಗಾಳಿ ಬಡದು. ಆ ಗಾಳಿ ತಾಕದಂಗ ಸುತ್ತಿಬಿಟ್ರ ಪೈಪಿನ ಕಬ್ಬಿಣನೇ ಮೊದಲಿಗಿಂತ ಜಾಸ್ತಿ ಕಾಯ್ತದ. ರೇಸಿನವರಿಗಿ ಅದು ಬೇಕು, ಬಿಸಿ ಹೊಗಿ ಹಗೂರ ಇರ್ತದ, ಲಗೂ ಹೊರಗ ಓಡ್ತದ, ಇಂಜಿನ್ನಿಗಿ ಜರಾ ಜೋರು ಬರ್ತದ. ಅವರು ಛಲೋ ಸ್ಟೀಲಿನ ಪೈಪು ಹಾಕಿರ್ತಾರ, ದಿನಾ ಬಿಚ್ಚಿ ನೋಡ್ತಾರ, ಕೆಟ್ರ ಬದಲಿಸ್ತಾರ. ನಮ್ಮದು ಸಾದಾ ಕಬ್ಬಿಣ. ಹೆಚ್ಚಿಗಿ ಕಾದು ಕಾದು ಹಳಿ ಹಂಚಿನಂಗ ಹಕ್ಕಳಿ ಏಳ್ತದ, ಬೆಸಿಗಿ ಹಾಕಿದಲ್ಲಿ ಬಿರೀತದ.

ಎರಡನೇದು ನೀರು. ಮಳಿಗಾಲದಾಗ ರಸ್ತೆ ಗುಂಡಿ ನೀರು ಸಿಡೀತದ. ಬರಿ ಪೈಪಾದ್ರ ಹತ್ತು ನಿಮಿಷದಾಗ ಆರಿ ಹೋಗ್ತದ. ಪಟ್ಟಿ ಇದ್ರ ನೀರು ಕುಡದು ಹಿಡಕೊಂಡು ಕೂಡ್ತದ. ನಾವು ಬ್ಯಾಸಿಗ್ಯಾಗ ಗಡಗಿಗಿ ಹಸಿ ಗೋಣಿ ತಟ್ಟು ಸುತ್ತೀವಿ ನೋಡ್ರಿ, ಮಣ್ಣಿನ ಗಡಗಿಗಿ ಛಂದ, ಕಬ್ಬಿಣದ ಬಕೀಟಿಗಿ ಸುತ್ತಿ ಎಂಟು ದಿನ ಇಡ್ರಿ, ಏನಾಗ್ತದ? ಒಳಗಿಂದನೂ ನೀರು ಇರ್ತದಂತ. ಒಂದು ಲೀಟರ್ ಪೆಟ್ರೋಲ್ ಸುಟ್ರ ಹೆಚ್ಚು ಕಮ್ಮಿ ಒಂದು ಲೀಟರಿನಷ್ಟು ನೀರು ಉಗಿ ಆಗಿ ಹೊಗಿ ಸಂಗಡ ಬರ್ತದ. ಮುಂಜಾನಿ ಗಾಡಿ ಚಾಲು ಮಾಡಿದಾಗ ಸೈಲೆನ್ಸರಿನಿಂದ ಹನಿ ತೊಟ್ಟಿಕ್ತದಲ್ಲ, ಅದು ಅದೇ. ಸಂತಿಗಿ, ಸಾಲಿಗಿ ಅಂತ ಸಣ್ಣ ಸಣ್ಣ ತಿರುಗಾಟ ಮಾಡೋ ಗಾಡಿ ಪೈಪು ಒಳಗಿಂದ ಪೂರಾ ಒಣಗಂಗೇ ಇಲ್ಲ. ಒಳಗೂ ತುಕ್ಕು, ಹೊರಗೂ ತುಕ್ಕು, ಮ್ಯಾಲ ಪಟ್ಟಿ ಮುಚ್ಚಿರ್ತದ. ತೂತು ಬಿದ್ರೂ ಕಾಣಂಗಿಲ್ಲ.

ಮೂರನೇದು ಎಣ್ಣಿ, ಇದು ಕೇಳಿ ನನ್ನ ಕೈಕಾಲು ತಣ್ಣಗಾದ್ವು. ಹಳಿ ಇಂಜಿನ್ನು ಅಂದ ಮ್ಯಾಲ ಒಂದು ಹನಿ ಆಯಿಲ್ ಎಲ್ಲೋ ತೊಟ್ಟಿಕ್ತಿರ್ತದ. ಬರಿ ಪೈಪಿನ ಮ್ಯಾಲ ಬಿದ್ರ ಚುರ್ ಅಂತದ, ಹೊಗಿ ಆಗ್ತದ, ವಾಸನಿ ಬರ್ತದ, ನಮಗ ತಿಳೀತದ. ಪಟ್ಟಿ ಮ್ಯಾಲ ಬಿದ್ರ ಹೀರ್ಕೋತದ. ತಿಂಗಳುಗಟ್ಲೆ ಹನಿ ಹನಿ ಹೀರ್ಕೋತದ. ಚಾಚಾ ಕೇಳಿದ, "ಸಳಿಗಿ ಅರಿಬಿ ಸುತ್ತಿ ಎಣ್ಣಿ ಹಾಕಿದ್ರ ಅದಕ್ಕೇನಂತಾರವ್ವ?" ನಾ ಮೆಲ್ಲಕ, "ದೀವಟಗಿ" ಅಂದೆ. ಜಾತ್ರ್ಯಾಗ ಕೈಯಾಗ ಹಿಡದು ನೋಡೋದು ಛಂದ, ಮಕ್ಕಳು ಕುಂತ ಸೀಟಿನ ಕೆಳಗ ಅಲ್ಲ.

ನಾಲ್ಕನೇದು, ಈಗಿನ ಪೆಟ್ರೋಲ್ ಗಾಡ್ಯಾಗ ಹೊಗಿ ಸೋಸೋ ಒಂದು ಡಬ್ಬಿ ಇರ್ತದ, ಕ್ಯಾಟಲಿಟಿಕ್ ಕನ್ವರ್ಟರ್ ಅಂತಾರ. ಅದು ಕೆಲಸ ಮಾಡ್ಬೇಕಂದ್ರೇ 300 ಡಿಗ್ರಿ ಬಿಸಿ ಬೇಕು, ಓಡೋವಾಗ ಅದಕ್ಕಿಂತ ಭಾಳ ಮ್ಯಾಲ ಇರ್ತದ. ಅದಕ್ಕ ಕೌದಿ ಹೊಚ್ಚಿದ್ರ ಒಳಗಿನ ಜಾಲಿ ಕರಗಿ ಮುದ್ದಿ ಆದ್ರೂ ಆಗಬಹುದು. ಹುಲ್ಲು ಹತ್ತೋದೂ ಹೆಚ್ಚಾಗಿ ಅಲ್ಲೇ, ಯಾಕಂದ್ರ ಒಣಾ ಹುಲ್ಲಿಗಿ 250, 300 ಡಿಗ್ರಿ ಅಂದ್ರ ಸಾಕು. ಅಂದ್ರ ಯಾವ ಜಾಗಾದಾಗ ಸುತ್ತಬೇಕು ಅನಿಸ್ತದೋ ಅದೇ ಜಾಗಾದಾಗ ಸುತ್ತಬಾರದು.

ಮಗನ ಮಾರಿ ಸಣ್ಣಗಾಯ್ತು. "ಹಂಗಾದ್ರ ಇದು ಪೂರಾ ಸುಳ್ಳೇನು ಚಾಚಾ?" ಅಂದ. "ಸುಳ್ಳಲ್ಲ ಬೇಟಾ" ಅಂದ ಚಾಚಾ. ಪೈಪಿನ ಬಾಜೂಕ ವೈರು, ರಬ್ಬರ್ ನಳಿಗಿ ಭಾಳ ಹತ್ರ ಇದ್ದು, ತಗಡು ಕೂಡ್ಸಲಕ ಜಾಗಾನೇ ಇಲ್ಲಂದ್ರ, ಗೇಣುದ್ದ ಸುತ್ತೋದು ಅದ. ಆಯಿಲ್ ಸೋರಬಾರದು, ಪೈಪು ಗಟ್ಟಿ ಇರಬೇಕು, ವರ್ಷಕ್ಕೊಮ್ಮಿ ಬಿಚ್ಚಿ ನೋಡಬೇಕು. ಅದು ಔಷಧ ಇದ್ದಂಗ, ಬ್ಯಾನಿ ನೋಡಿ ಕೊಡಬೇಕು, ಡಬ್ಬಿ ಛಂದ ಅದ ಅಂತ ಕುಡಿಬಾರದು.

"ಮೊದಲು ಬ್ಯಾನಿ ನೋಡಮು" ಅಂತ ಗಾಡಿ ಮ್ಯಾಲ ಎತ್ತಿಸಿದ. ಬ್ಯಾಟರಿ ಹಿಡದು ಕೆಳಗ ಹೋದ. ಎರಡು ನಿಮಿಷಕ್ಕ ಹೊರಗ ಬಂದು ಕೇಳಿದ, "ಇಲ್ಲಿ ತಗಡು ಇತ್ತಲ್ಲ, ಎಲ್ಲಿ ಹೋಯ್ತು?"

ಈಗ ಹೇಳ್ಲೇಬೇಕು.

ಮೂರು ವರ್ಷದ ಹಿಂದ ಗಾಡಿ ಕೆಳಗ ಗಳಗಳ ಗಳಗಳ ಅಂತ ಆವಾಜ ಬರ್ಲಕತ್ತಿತ್ತು. ಓಣ್ಯಾಗ ಬಂದ್ರ ಎಲ್ಲರೂ ಹೊರಗ ಬಂದು ನೋಡೋರು, ಹಳಿ ಡಬ್ಬಿ ಬಂತು ಅಂತ ಹುಡುಗರು ನಗೋರು. ನಮ್ಮ ಮನಿಯವರು ಊರಾಗ ಇದ್ದಿಲ್ಲ. ನಾನೇ ದಾರ್ಯಾಗ ಯಾರೋ ರಿಪೇರಿಯವನ ಹತ್ರ ನಿಲ್ಲಿಸಿ, "ಆ ಆವಾಜ ಬಂದ್ ಮಾಡಪ್ಪ" ಅಂದೆ. ಅವ, "ಅಕ್ಕಾರ, ಒಂದು ಬೋಲ್ಟ್ ಹೋಗ್ಯಾದ, ತಗಡು ಅಳ್ಳಾಡ್ಲಕತ್ತದ. ಬೋಲ್ಟ್ ಹಾಕ್ಲಾ, ತಗಡೇ ತಗೀಲಾ?" ಅಂದ. ಬೋಲ್ಟ್ ಹಾಕ್ಲಕ ಅರ್ಧ ತಾಸು ಹಿಡೀತದಂದ. ನನಗ ಮಕ್ಕಳ ಸಾಲಿ ಬಿಡೋ ಹೊತ್ತಾಗಿತ್ತು. "ತಗದು ಬಿಡು, ತಗಡಿಲ್ಲಂದ್ರ ಗಾಡಿ ಓಡಂಗಿಲ್ಲೇನು?" ಅಂದೆ. ತಗದ. ಆವಾಜ ನಿಂತಿತು. ಗಾಡಿ ಓಡಿತು. ನಾ ಮನ್ಯಾಗ ಯಾರಿಗೂ ಹೇಳಲಿಲ್ಲ, ಹೇಳೋವಂಥಾದ್ದು ಅನಿಸಲೇ ಇಲ್ಲ. ಆ ತಗಡು ಬಹುಶಃ ಗುಜರ್ಯಾಗ ಹೋಗಿರಬೇಕು.

ಗ್ಯಾರೇಜಿನ್ಯಾಗ ಆ ಸ್ಟೂಲ್ ಮ್ಯಾಲ ಕುಂತು ಚಾಚಾನ ಮುಂದ, ಮಗನ ಮುಂದ ಇದು ಹೇಳಿದೆ. ಮಗ ನನ್ನ ಮಾರಿ ನೋಡಲಿಲ್ಲ, ನೆಲ ನೋಡಿದ. ಅದೇ ನನಗ ಜಾಸ್ತಿ ಹತ್ತಿತು.

ಚಾಚಾ ಬೈಲಿಲ್ಲ. "ದಿನಾ ಯಾರಾದ್ರೂ ಬಂದು ತಗಸ್ತಾರವ್ವ" ಅಂದ. ಇನ್ನೊಂದೂ ತೋರಿಸಿದ. ಪೈಪಿನ ಕೂಡೋ ಜಾಗಾದಾಗ ಪ್ಯಾಕಿಂಗ್ ಸುಟ್ಟು ಹೊಗಿ ನೆಲಕ್ಕ ಬಡೀಲಕತ್ತಿತ್ತು, ಅಲ್ಲಿ ಮಸಿ ಹತ್ತಿತ್ತು. ಅತ್ತಿ ಹಿಂಬಡ ಇಡ್ತಿದ್ದ ಜಾಗಾ ಅದೇ. ಬರಿ ಬಿಸಿ ಅಲ್ಲ, ಆ ಹೊಗಿ ಒಳಗೂ ಬರ್ತದ. ಹೊಗ್ಯಾಗ ಕಾರ್ಬನ್ ಮೊನಾಕ್ಸೈಡ್ ಅಂತ ಒಂದು ವಿಷ ಇರ್ತದ, ಅದಕ್ಕ ಬಣ್ಣಿಲ್ಲ, ವಾಸನಿ ಇಲ್ಲ. ತಲಿ ನೋಯ್ತದ, ಹೊಟ್ಟಿ ತೊಳಸ್ತದ, ನಿದ್ದಿ ಬಂದಂಗ ಆಗ್ತದ. ನನಗ ನೆನಪಾಯ್ತು, ದೂರ ಹೋದಾಗೆಲ್ಲ ಮಗಳು "ತಲಿ ನೋಯ್ತದವ್ವ" ಅಂತಿದ್ದಳು. ನಾನು "ಮೊಬೈಲ್ ನೋಡಬ್ಯಾಡ" ಅಂತ ಬೈತಿದ್ದೆ. ಅವತ್ತು ಮಗ ಮನ್ಯಾಗೇ ಪಟ್ಟಿ ಸುತ್ತಿಬಿಟ್ಟಿದ್ರ ಈ ಸೋರೋ ಜಾಗಾ ಕೌದಿ ಕೆಳಗ ಮುಚ್ಚಿ ಹೋಗ್ತಿತ್ತು.

ಚಾಚಾ ಗುಜರಿ ಗಾಡಿದು ಅದೇ ಅಳತಿ ತಗಡು ಹುಡುಕಿ ತಂದ. ಬ್ರಷ್ ಹಾಕಿ ತಿಕ್ಕಿ, ಹೊಸಾ ಬೋಲ್ಟ್, ಅಗಲ ವಾಸರ್ ಹಾಕಿ ಕೂಡಿಸಿದ. ಹೊಸಾ ಪ್ಯಾಕಿಂಗ್ ಹಾಕಿದ. ಪೂರಾ ಖರ್ಚು ಆ ಸುರುಳಿ ರೊಕ್ಕಕ್ಕಿಂತ ಕಮ್ಮಿ ಆಯ್ತು. ನೋಡಿದ್ರ ತಗಡು ಅಷ್ಟು ತೆಳ್ಳಗ, ಪಾಪಡಿನಂಗ. "ಇಷ್ಟು ತೆಳ್ಳಂದು ಏನು ತಡೀತದ ಚಾಚಾ?" ಅಂದೆ. ತಗಡಿಗೂ ಪೈಪಿಗೂ ನಡುವ ಬೆರಳು ಇಟ್ಟು ತೋರಿಸಿದ. ತಡಿಯೋದು ತಗಡೊಂದೇ ಅಲ್ಲ, ಈ ಸಂದಿನೂ. ಕಾದ ಕಬ್ಬಿಣದ ಬಿಸಿ ಬಿಸಲಿನಂಗ ಸೀದಾ ಬಂದು ಬಡೀತದ. ಬಿಸಲಿಗಿ ಕೊಡಿ ಹಿಡದ್ರ ಕೊಡಿ ಅರಿಬಿ ಎಷ್ಟು ದಪ್ಪ ಅಂತ ಯಾರು ಕೇಳ್ತಾರ? ನೆರಳು ಬಿದ್ರ ಸಾಕು. ತಗಡು ನೆರಳು ಕೊಡ್ತದ, ಸಂದ್ಯಾಗ ಗಾಳಿ ಆಡಿ ಬಿಸಿ ಒಯ್ತದ, ಪೈಪೂ ಉಸರಾಡ್ತದ. ಒಲಿ ಮುಂದ ರೊಟ್ಟಿ ಬಡಿಯೋವಾಗ ಉರಿ ಮಾರಿಗಿ ಬಡದ್ರ ಒಂದು ಮರ ಅಡ್ಡ ಇಡ್ತೀವಲ್ಲ, ಒಲಿಗೇ ಕೌದಿ ಹೊಚ್ಚಂಗಿಲ್ಲ.

ನನ್ನದು ಪರೀಕ್ಷಾ ಮಾಡೋ ಬುದ್ಧಿ, ಗೊತ್ತೇ ಅದಲ್ಲ. ಗ್ಯಾರೇಜಿಗಿ ಹೋಗೋ ಹಿಂದಿನ ದಿನ ಮಗ ನಾನು ಯಾದಗಿರಿತನಕ ಹೋಗಿ ಬಂದಿದ್ದೆವು. ಆವಾಗ ಅತ್ತಿ ಕಾಲಿಡೋ ಜಾಗಾದಾಗ ಒಂದು ಮೇಣಬತ್ತಿ ತುಂಡು ಇಟ್ಟಿದ್ದೆ. ದೋರನಹಳ್ಳಿ ದಾಟಿ ಯಾದಗಿರಿ ಮುಟ್ಟೋದರಾಗ ಕರಗಿ ಮ್ಯಾಟಿಗಿ ಅಂಟಿತ್ತು. ರಿಪೇರಿ ಆದ ಮ್ಯಾಲ ಅದೇ ದಾರಿ, ಅದೇ ಹೊತ್ತು, ಇನ್ನೊಂದು ತುಂಡು ಇಟ್ಟೆ. ಮೆತ್ತಗಾಗಿತ್ತು, ಬಗ್ಗಿತ್ತು, ಕರಗಿದ್ದಿಲ್ಲ. ಮಗ ಅದನ್ನ ಫೋಟೋ ಹೊಡದು ಇಟ್ಕೊಂಡಾನ. ಮೆತ್ತಗಾಗಿದ್ದಕ್ಕ ನೆಲದ ಮ್ಯಾಲ ಒಂದು ದಪ್ಪ ನಾರಿನ ಚಾಪಿನೂ ಹಾಸೀನಿ, ಅತ್ತಿಗಿ ಬಟ್ಟಿ ಚಪ್ಪಲ್ ತಂದೀನಿ. ಗಾಡ್ಯಾಗ ಬಿಚ್ಚಂಗಿಲ್ಲಂತ ಮೊಮ್ಮಗಳು ಮಲ್ಲಯ್ಯನ ಆಣಿ ಮಾಡಿಸ್ಕೊಂಡಾಳ.

ಈಗ ನೀವು ಮಾಡಬೇಕಾದ್ದು ಹೇಳ್ತೀನಿ, ಮನಿಯವರಿಗಿ ಓದಿ ಹೇಳ್ರಿ. ಬ್ಯಾಸಿಗಿ ಬರೋದಕ್ಕ ಮೊದಲು ಗಾಡಿ ಒಮ್ಮಿ ಎತ್ತಿಸಿ ತಗಡು ಅದೇನು, ಬೋಲ್ಟ್ ಗಟ್ಟಿ ಅವೇನು, ಪೈಪಿಗಿ ಮಸಿ ಹತ್ತ್ಯಾದೇನು ಅಂತ ನೋಡಿಸ್ರಿ. ತಗಡು ಗಳಗಳ ಅಂದ್ರ ಬೋಲ್ಟ್ ಹಾಕಸ್ರಿ, ತಗೀಬ್ಯಾಡ್ರಿ. ರಾತ್ರಿ ಗಾಡಿ ಕೆಳಗ ರಟ್ಟು ಹಾಸಿ ಇಡ್ರಿ, ಮುಂಜಾನಿ ಕರೀ ಹನಿ ಬಿದ್ದಿದ್ರ ಆಯಿಲ್ ಸೋರ್ಲಕತ್ತದ ಅಂತ ತಿಳೀರಿ. ರಾಶಿ ಹರವಿದ ರಸ್ತೆ ಬಂದ್ರ ಬಾಜೂಕ ಸರದು ಹೋಗ್ರಿ. ಮ್ಯಾಲ ಹಾಯಲೇಬೇಕಾದ್ರ ದಾಟಿದ ಕೂಡ್ಲೇ ನಿಲ್ಲಿಸಿ ಬಗ್ಗಿ ನೋಡ್ರಿ, ಬಳ್ಳಿ ಸಿಕ್ಕಿದ್ರ ಕಟಿಗಿಯಿಂದ ತಗೀರಿ, ಕೈ ಹಾಕಬ್ಯಾಡ್ರಿ. ದೂರದಿಂದ ಬಂದ ಬಿಸಿ ಗಾಡಿ ಕಣಿಕಿ ಬಣವಿ ಹತ್ರ, ಒಣಾ ಹುಲ್ಲಿನ ಮ್ಯಾಲ ನಿಲ್ಲಿಸಬ್ಯಾಡ್ರಿ. ಐದು ಲೀಟರ್ ನೀರು ಯಾವಾಗ್ಲೂ ಗಾಡ್ಯಾಗ ಇರ್ಲಿ. ಆದ್ರ ಬೆಂಕಿ ಖರೇನೇ ಹತ್ತ್ಯಾದ ಅಂದ್ರ ನೀರು ಹಾಕ್ಕೋತ ನಿಂದ್ರಬ್ಯಾಡ್ರಿ, ಮಂದಿನ್ನ ಇಳಿಸಿ ದೂರ ಹೋಗ್ರಿ. ಗಾಡ್ಯಾಗ ಕುಂತಾಗ ಎಲ್ಲರಿಗೂ ಒಮ್ಮಿಗೇ ತಲಿನೋವು ಬಂದ್ರ ಕಿಡಕಿ ತಗೀರಿ, ಇಳೀರಿ. ಸಕ್ರಿ ಬ್ಯಾನಿ ಇದ್ದವರು ಗಾಡ್ಯಾಗ ಚಪ್ಪಲ್ ಬಿಡಬ್ಯಾಡ್ರಿ. "ನನಗ ಬಿಸಿ ಹತ್ತಂಗಿಲ್ಲ" ಅಂದ್ರ ಅದು ಹೆಮ್ಮಿ ಮಾತಲ್ಲ, ನೀವು ಕೈಯಿಟ್ಟು ನೋಡ್ರಿ.

ಬೈಕಿನ ಮಾತೂ ಒಂದು. ನಮ್ಮ ಸೀರಿ ಹೆಂಗಸರು ಎಡಕ್ಕ ಕಾಲು ಬಿಟ್ಟು ಕೂಡ್ತೀವಿ, ಸೈಲೆನ್ಸರ್ ಬಲಕ್ಕ ಇರ್ತದ, ಅದಕ್ಕ ನಾವು ಪಾರು. ಸುಟ್ಟುಕೊಳ್ಳೋದು ಬಲಕ್ಕ ಇಳಿಯೋ ಮಕ್ಕಳು, ನಿಂತ ಗಾಡಿ ಬಾಜೂಕ ಆಡೋ ಮಕ್ಕಳು. ಅದಕ್ಕೂ ಪಟ್ಟಿ ಸುತ್ತಬ್ಯಾಡ್ರಿ, ಮ್ಯಾಲಿನ ಜಾಲಿ ತಗಡು ಬಿದ್ದಿದ್ರ ಹಾಕಸ್ರಿ, ಮಕ್ಕಳಿಗಿ ಎಡಕ್ಕ ಇಳಿಯೋದು ಕಲಿಸ್ರಿ.

ಕಡಿ ಮಾತು. ಅತ್ತಿಗಿ ಹೇಳಬೇಕಾ ಬ್ಯಾಡಾ ಅಂತ ನಾಲ್ಕು ದಿನ ಒದ್ದಾಡಿದೆ. ಮಗ ಹೇಳಿಲ್ಲ, ಅವ ಹೇಳೋದೂ ಇಲ್ಲ ಅಂತ ನನಗ ಗೊತ್ತಿತ್ತು. ಒಂದು ಸಂಜಿ ಗಾಯಕ್ಕ ಮುಲಾಮು ಹಚ್ಚಕೋತ, ತಲಿ ಎತ್ತದೇ ಹೇಳಿದೆ. "ಅತ್ತಿ, ಆ ತಗಡು ನಾನೇ ತಗಸಿದ್ದೆ. ಆವಾಜ ಬರ್ತದಂತ."

ಅತ್ತಿ ಜರಾ ಹೊತ್ತು ಸುಮ್ನಿದ್ರು. ಆಮ್ಯಾಲ ಅಂದ್ರು, "ಆವಾಜ ನನಗೂ ಬ್ಯಾಸರಾಗಿತ್ತು. ನಿಂತಾಗ ನಾನೂ ಕೇಳಲಿಲ್ಲ, ಹೆಂಗ ನಿಂತಿತು ಅಂತ." ಕಾಲು ಹಿಂದ ತಗೊಂಡ್ರು. "ಅಲ್ಲಿ ಬ್ಯಾಡ, ಅಂಚಿಗಿ ಹಚ್ಚು, ತುರಿಸ್ಲಕತ್ತದ."

ತುರಿಸ್ಲಕತ್ತದ ಅಂದ್ರ ತಿಳೀಲಕತ್ತದ ಅಂತ ನನಗ ಖುಷಿ ಆಯ್ತು. ಡಾಕ್ಟರಿಗಿ ಹೇಳಿದ್ರ, ಗಾಯ ಆರೋ ಮುಂದ ಅಂಚಿಗಿ ಹಂಗ ಆಗ್ತದ, ಪಾದದ ನರ ತಿರುಗಿ ಬಂದಾವಂತ ತಿಳೀಬ್ಯಾಡ್ರಿ ಅಂದ್ರು. ಇರ್ಲಿ. ಗಾಯ ಈಗ ಪೂರಾ ಆರ್ಯಾದ, ರೂಪಾಯಿ ಅಗಲ ಕಪ್ಪು ಕಲಿ ಉಳದದ.

ಸುರುಳಿ ಇನ್ನೂ ಮಾಡದಾಗ ಕುಂತದ. ಕಾಕಿ ಫೋನ್ ಮಾಡಿ, "ಒಲಿ ಮ್ಯಾಲ ಹಾಲಿನ ಪಾತೇಲಿ ಹಿಡೀಲಕ ಕೊಡ್ತೀಯೇನು" ಅಂತ ಕೇಳಿದ್ರು. ಬ್ಯಾಡ ಕಾಕಿ, ಅದು ಗಾಜಿನ ನೂಲು, ಅಡಗಿ ಹತ್ರ ಬರಬಾರದು. ಹಳಿ ಸೀರಿದು ಮಸಿ ಅರಿಬಿ ಎರಡು ಹೊಲದು ಇಟ್ಟೀನಿ, ಸಂತಿಗಿ ಬಂದಾಗ ಒಯ್ರಿ.